ನೆಲದ ಮೇಲಿನ ‘ಹ’

ಶೇಖರಮ್ಮ ಬೆಳಿಗ್ಗೆ ಎದ್ದವಳೇ ಮೊದಲು ತನ್ನ ಪಾದ ನೋಡಿಕೊಂಡಳು. ಹಿಮ್ಮಡಿಯಲ್ಲಿ ಚಳಿಗಾಲದ ಬಿರುಕು ಬಿಟ್ಟರೆ ಹೇಳಿಕೊಳ್ಳುವಂಥ ದೋಷವೇನೂ ಅವಕ್ಕೆ ಇರಲಿಲ್ಲ. ಬೂದಿ ಇರಲಿಲ್ಲ. ಇರುವುದಾದರೂ ಹೇಗೆ, ನಿನ್ನೆ ತಾನೇ ಬೂದಿಯಲ್ಲಿ ಬರೆದ ಅಕ್ಷರವನ್ನು ಅವಳು ಮೆಟ್ಟಿಯೇ ಇರಲಿಲ್ಲವಲ್ಲ. ಮೆಟ್ಟಿದ್ದು ಹುಲಿಗೆವ್ವ, ಇನ್ನೂ ಐದು ತುಂಬದ ಹುಡುಗಿ; ಎಲ್ಲರೆದುರು ರಟ್ಟೆ ಹಿಡಿಸಿಕೊಂಡು ಎಳೆಸಿಕೊಂಡು ಹೋದದ್ದೂ ಅವಳೇ. ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ ಮಗುವಿಗೆ ಅವಮಾನ, ಹೇಳಿ ದೂರ ನಿಂತ ತನಗೆ ಶುಚಿಯಾದ ಪಾದ. ‘ನೀ ತುಳದೀ ಏನು?’ ಎಂದು ಹುಲಿಗೆವ್ವನ ಅಜ್ಜಿ ದುರುಗವ್ವ ಕೇಳಿದ ಪ್ರಶ್ನೆ ರಾತ್ರಿಯಿಡೀ ಹಾಸಿಗೆಯ ಒಂದು ಬದಿಯಲ್ಲೇ ಮಲಗಿತ್ತು, ಎದ್ದಾಗ ಅದೂ ಎದ್ದು ಕುಳಿತಿತ್ತು. ಚಹಾ ಕುದಿಯುತ್ತಿದ್ದಾಗ ಅವಳಿಗೆ ಇನ್ನೊಂದು ಮಾತೂ ಹೊಳೆಯಿತು. ದುರುಗವ್ವ ಮೊಮ್ಮಗಳನ್ನು ಬಿಡಿಸಿಕೊಂಡರೆ ಆ ಓಣಿಯ ಒಂದು ಮಗುವೂ ತಾನು ಕಲಿಸುವ ಬಾಲವಾಡಿಗೆ ಬರುವುದಿಲ್ಲ. ಮಕ್ಕಳಿಲ್ಲದ ಬಾಲವಾಡಿಯನ್ನು ಮೇಲಿನವರು ಬೇರೆ ಓಣಿಗೆ ಎತ್ತಿ ಹಾಕುತ್ತಾರೆ, ಬೇರೆ ಓಣಿಗೆ ಬೇರೆಯವಳು ಬರುತ್ತಾಳೆ, ತಾನು ಟ್ರಂಕು ಎತ್ತಿಕೊಂಡು ಯಲಬುರ್ಗಾಕ್ಕೆ, ಅಣ್ಣನ ಮನೆಯ ಪಡಸಾಲೆಗೆ ಹೋಗಿ ಅತ್ತಿಗೆ ಹಾಕಿದ ಊಟ ಉಂಡು ಇರಬೇಕು. ಇಷ್ಟೆಲ್ಲ ಭಯದ ನಡುವೆಯೂ ಅವಳ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುತ್ತಿದ್ದುದು ಕೆಲಸದ ಹತ್ತಿರವಲ್ಲ, ಆ ಪ್ರಶ್ನೆಯ ಹತ್ತಿರ. ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲಿತು.

ಕುಷ್ಟಗಿಯ ಬಸ್‌ ಸ್ಟ್ಯಾಂಡು ದಾಟಿ ಅವಳು ನಡೆಯುತ್ತಿದ್ದಾಗ ಗಂಗಾವತಿಯ ಕಡೆಯಿಂದ ಬಂದ ಲಾರಿಯೊಂದು ಅಕ್ಕಿಯ ಚೀಲ ಇಳಿಸುತ್ತಿತ್ತು. ಹಮಾಲರು ‘ಹಾ, ಹಾ’ ಎಂದು ಉಸಿರು ಬಿಡುತ್ತ ಚೀಲಕ್ಕೆ ಬೆನ್ನು ಕೊಡುತ್ತಿದ್ದರು. ಅವಳಿಗೆ ತಟ್ಟನೆ ಮಕ್ಕಳಿಗೆ ಇದನ್ನು ತೋರಿಸಬೇಕು ಅನಿಸಿತು. ನೋಡ್ರಿ, ಭಾರ ಎತ್ತುವವರ ಬಾಯಲ್ಲೂ ಅದೇ ‘ಹ’ದ ಸಪ್ಪಳ. ಅನಿಸಿದ ಮರುಕ್ಷಣವೇ ನಾಚಿಕೆಯಾಯಿತು, ಯಾವ ಮಕ್ಕಳಿಗೆ ತೋರಿಸುವುದು. ಕೊಪ್ಪಳದಲ್ಲಿ ಎಪ್ಪತ್ತೆಂಟರ ಬೇಸಿಗೆಯಲ್ಲಿ ತರಬೇತಿ ಕೊಟ್ಟ ದಪ್ಪ ಕನ್ನಡಕದ ಹೆಂಗಸು ಹೇಳಿದ್ದಳು: ಅಕ್ಷರ ಮೊದಲು ಕಿವಿಗೆ ಬರಲಿ, ಆಮೇಲೆ ಕೈಗೆ, ಕಾಲಿಗೆ, ಕಟ್ಟಕಡೆಗೆ ಪಾಟಿಗೆ. ಪಾಟಿಯ ಮೇಲೆ ಬರೆದು ಮೈಮುರಿಯುವಷ್ಟು ತಿದ್ದಿಸುವುದನ್ನೇ ಕಂಡಿದ್ದ ಶೇಖರಮ್ಮನಿಗೆ ಆ ಮಾತು ಹಬ್ಬದಂತೆ ಕಂಡಿತ್ತು. ಬಂದವಳೇ ಅರಿವೆಯ ಚೀಲ ಹೊಲಿದು ಅದರಲ್ಲಿ ಬಳೆ, ಬೆಲ್ಲದ ಚೂರು, ಬೀಗ, ಬೆಣಚುಕಲ್ಲು ಹಾಕಿ, ಮಕ್ಕಳು ಕಣ್ಣು ಮುಚ್ಚಿ ಕೈಯಾಡಿಸಿ ಒಂದೊಂದನ್ನೇ ಹೊರತೆಗೆದು ಅದರ ಮೊದಲ ಸಪ್ಪಳ ಹೇಳಬೇಕು ಎಂದಳು. ಬೆಲ್ಲ ಸಿಕ್ಕವರು ಸಪ್ಪಳ ಹೇಳುವ ಮೊದಲೇ ಅದನ್ನು ಬಾಯಿಗೆ ಹಾಕಿಕೊಂಡರು, ಅದೂ ನಡೆಯಿತು. ಮೊರದಲ್ಲಿ ಜೋಳ ಹರವಿ ಬೆರಳಾಡಿಸಿದರು. ಎರೆಮಣ್ಣು ಕಲಸಿ ಹಾವು ಮಾಡಿ, ಹಾವನ್ನು ಸುತ್ತಿ ‘ರ’ ಮಾಡಿದರು. ‘ಹ’ ಬಂದ ದಿನ ಎಲ್ಲರಿಗೂ ಅಂಗೈಯನ್ನು ಬಾಯಿಯ ಮುಂದೆ ಹಿಡಿಯಲು ಹೇಳಿದಳು. ಹಾಲು ಅನ್ರಿ, ಹಗ್ಗ ಅನ್ರಿ, ಹಲ್ಲು ಅನ್ರಿ. ಅಂಗೈಗೆ ಬೆಚ್ಚಗೆ ತಗುಲಿದ ಉಸಿರಿಗೆ ಮಕ್ಕಳು ಬೆರಗಾದರು. ‘ನನ್ನ ಹೆಸರೂ ಬಿಸಿ ಐತ್ರಿ ಅಕ್ಕೋರ’ ಎಂದು ಕೂಗಿದವಳು ಹುಲಿಗೆವ್ವ. ಇಷ್ಟು ದಿನದಲ್ಲಿ ಶೇಖರಮ್ಮನಿಗೆ ತಾನು ಯಾವುದಕ್ಕಾದರೂ ಉಪಯೋಗಕ್ಕೆ ಬರುವವಳು ಅನಿಸಿದ್ದು ಆ ಗಳಿಗೆಯಲ್ಲಿ.

ಆಮೇಲೆ ಕಾಲಿನ ಸರದಿ ಬಂತು. ಕಾಲಿನದನ್ನು ಅವಳು ಬೇಕೆಂದೇ ತಡಮಾಡಿದ್ದಳು. ಕೊಪ್ಪಳದಲ್ಲೂ ನೆಲದ ಮೇಲೆ ದೊಡ್ಡ ಅಕ್ಷರ ಬರೆದು, ತರಬೇತಿಗೆ ಬಂದ ಹೆಂಗಸರೆಲ್ಲ ಸಾಲಾಗಿ ಅದರ ಮೇಲೆ ನಡೆಯುತ್ತ ಸಪ್ಪಳ ಹೇಳುತ್ತಿದ್ದಾಗ, ಕಾಲಿಗೆ ಮುಳ್ಳು ನೆಟ್ಟಿದೆ ಎಂದು ಸುಳ್ಳು ಹೇಳಿ ಕಟ್ಟೆಯ ಮೇಲೆ ಕುಳಿತಿದ್ದಳು. ಇರದ ಮುಳ್ಳನ್ನು ಎಲ್ಲರೂ ಹುಡುಕಿದರು. ನಿನ್ನೆ ಒಲೆಯ ಬೂದಿಯನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ, ಬಾಲವಾಡಿಯ ನಡುನೆಲದ ಮೇಲೆ ಗೋಡೆಯಂಚಿಗಷ್ಟೇ ಜಾಗ ಬಿಟ್ಟು ಒಂದು ‘ಹ’ ಬರೆದಳು. ನೋಡ್ರಿ ಮಕ್ಕಳ್ರಾ, ಹೀಗೆ ನಡೀಬೇಕು, ಎಂದು ತೋರಿಸುವಾಗ ಸೀರೆಯ ನೆರಿಗೆ ಎತ್ತಿ ಹಿಡಿದು, ಗೆರೆಗೆ ಸೋಕದ ಹಾಗೆ ಗೆರೆಯ ಪಕ್ಕದಲ್ಲೇ ನಡೆದಳು. ಮಕ್ಕಳು ಕಂಡದ್ದನ್ನು ಕಲಿಯುವ ಜಾತಿ. ಒಬ್ಬೊಬ್ಬರಾಗಿ ಎದ್ದು ಲಂಗ, ಚಡ್ಡಿ ಎತ್ತಿ ಹಿಡಿದು ಗೆರೆಯ ಪಕ್ಕದಲ್ಲಿ ತುದಿಗಾಲಲ್ಲಿ ನಡೆದರು. ‘ಮ್ಯಾಗ ನಡೀರಿ, ಗೆರಿ ಮ್ಯಾಗ’ ಎಂದು ಅವಳು ಗದರಿಸಿದಳು. ಹುಲಿಗೆವ್ವ ಒಮ್ಮೆ ಅವಳ ಮುಖ, ಒಮ್ಮೆ ಅವಳ ಕಾಲು ನೋಡಿ, ಮಾತಿಗೇ ಬೆಲೆ ಕೊಟ್ಟು ಹಸಿ ಬೂದಿಯೊಳಗೆ ಕಾಲಿಟ್ಟಳು. ‘ಹ’ ಎಂದಳು. ಇನ್ನೊಂದು ಹೆಜ್ಜೆ ಇಟ್ಟು ಮತ್ತೆ ‘ಹ’ ಎಂದಳು. ಮೊಮ್ಮಗಳಿಗೆ ರೊಟ್ಟಿ ಕೊಡಲು ಬಂದಿದ್ದ ದುರುಗವ್ವ ಬಾಗಿಲಲ್ಲಿ ನಿಂತಿದ್ದನ್ನು ಶೇಖರಮ್ಮ ನೋಡಿದ್ದು ಆಗ.

ದುರುಗವ್ವ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಛಲೋ ಇತ್ತು. ಹುಡುಗಿಯ ರಟ್ಟೆ ಹಿಡಿದು ಗೆರೆಯಿಂದ ಈಚೆಗೆ ಎಳೆದು, ಸೆರಗಿನಿಂದ ಅವಳ ಪಾದ ಒರೆಸಿ, ಆ ಸೆರಗನ್ನೇ ಕಣ್ಣಿಗೆ ಒತ್ತಿಕೊಂಡಳು.

‘ಅಕ್ಷರ ಅಂದ್ರ ದೇವರು ಅಂತ ಹೇಳಾವರೂ ನೀವ, ಅದನ್ನ ನಮ್ಮ ಕೂಸಿನ ಕಾಲಾಗ ಹಾಕಾವರೂ ನೀವ?’

‘ಹಂಗಲ್ಲ ದುರುಗವ್ವ, ಇದು ಕಲಿಸೋ ರೀತಿ. ಕೊಪ್ಪಳದಾಗ ಹೇಳಿಕೊಟ್ಟಾರ.’

‘ಕೊಪ್ಪಳದ ಮಾತು ಕೊಪ್ಪಳದಾಗ ಇರಲಿ. ನೀ ತುಳದೀ ಏನು?’

ಶೇಖರಮ್ಮ ಬಾಯಿ ತೆರೆದಳು. ತೆರೆದ ಬಾಯಿಂದ ಬರೀ ಉಸಿರು ಬಂತು. ‘ನಾ ಬಾಗಿಲದಾಗ ನಿಂತು ಎಲ್ಲಾ ನೋಡೀನಿ’ ಎಂದು ದುರುಗವ್ವ ಮೊಮ್ಮಗಳನ್ನು ಕರೆದುಕೊಂಡು ಹೋದಳು.

ಬಾಲವಾಡಿ ಎಂದರೆ ಹಿಂದೆ ಅರಳೆ ತುಂಬುತ್ತಿದ್ದ ಒಂದು ಗೋದಾಮು. ಇವತ್ತು ಶೇಖರಮ್ಮ ಒಳಗೆ ಕಾಲಿಟ್ಟಾಗ ಅರ್ಧಕ್ಕರ್ಧ ಮಕ್ಕಳೂ ಇರಲಿಲ್ಲ. ಇದ್ದವರು ಗೋಡೆಗೆ ಬೆನ್ನು ಹಚ್ಚಿ, ಕಾಲು ಮಡಚಿ, ಸಂತೆಯಲ್ಲಿ ಕಳೆದುಹೋದವರ ಹಾಗೆ ಕುಳಿತಿದ್ದರು. ಯಾಕೆಂದರೆ ನಡುನೆಲದ ತುಂಬ ‘ಹ’ ಇನ್ನೂ ಹಾಗೆಯೇ ಇತ್ತು. ಒಣಗಿ ಬೆಳ್ಳಗಾಗಿ, ನಿನ್ನೆಗಿಂತ ದೊಡ್ಡದಾಗಿ ಕಾಣುತ್ತಿತ್ತು. ಅದರ ಎಡಗಡೆಯ ಬಾಗಿನಲ್ಲಿ ಹುಲಿಗೆವ್ವನ ಪುಟ್ಟ ಹೆಜ್ಜೆಗಳು ಬೆರಳುಸಹಿತ ಮೂಡಿ, ಸುತ್ತು ಶುರುವಾಗುವ ಕಡೆ ಒಂದು ಎಳೆದ ಗೀಚಾಗಿ ಮುಗಿದಿದ್ದವು. ಅಡುಗೆಯ ಅಮೀನಾಬೀ ಉಪ್ಪಿಟ್ಟಿನ ಬೋಗುಣಿ ಹಿಡಿದು, ಗೋಡೆಯ ಅಂಚಿನಲ್ಲೇ ಅಡ್ಡಡ್ಡ ಸರಿಯುತ್ತ ಬಂದಳು.

‘ಯಾಕ ಒರಸಿಲ್ಲ ಅಮೀನಾಬೀ?’

‘ಹೆಂಗ ಒರಸಲ್ರೀ ಅಕ್ಕೋರ? ಕಾಲು ಹಚ್ಚಿದ್ದಕ್ಕ ನಿನ್ನಿ ಅಷ್ಟ ರಾದ್ಧಾಂತ ಆತು. ಕಸಬರಗಿ ಹಚ್ಚಿದ್ರ ಏನಾದೀತು? ಕಸಬರಗಿ ಕಾಲಿಗಿಂತ ಮೇಲೇನ್ರೀ?’

‘ನೀರು ಹಾಕಿ ತೊಳೀಬಹುದಿತ್ತಲ್ಲ.’

‘ತೊಳದ ನೀರು ಮೋರಿಗೆ ಹೋಗತೈತ್ರಿ.’ ಅಮೀನಾಬೀ ದನಿ ತಗ್ಗಿಸಿದಳು. ‘ನಮ್ಮ ಮನ್ಯಾಗ ಓದೋ ಪುಸ್ತಕ ಗ್ವಾಡಿ ಮಾಡದಾಗ ಎತ್ತರಕ್ಕ ಇಟ್ಟಿರತಾರ. ನನಗೂ ಕೈ ಬರಲಿಲ್ಲ, ಖರೇ ಹೇಳತೀನಿ. ನೀವ ಏನಾರ ಮಾಡ್ರಿ.’

ಶೇಖರಮ್ಮನಿಗೆ ನಗು ಬಂತು, ನಗುವಿನ ಹಿಂದೆಯೇ ಅಳುವೂ ಬಂತು. ತುಳಿಯುವಂತಿಲ್ಲ, ಗುಡಿಸುವಂತಿಲ್ಲ, ತೊಳೆಯುವಂತಿಲ್ಲ. ತಾನೇ ಬರೆದ ಅಕ್ಷರ ನಡುಮನೆಯಲ್ಲಿ ಕಾಲು ಚಾಚಿ ಮಲಗಿದೆ, ಮನೆಯವರೆಲ್ಲ ಗೋಡೆಗೆ ಅಂಟಿದ್ದಾರೆ. ಅವಳೂ ಚಪ್ಪಲಿ ಬಿಟ್ಟು ಗೋಡೆಯ ಅಂಚಿನಲ್ಲೇ ಅಡ್ಡಡ್ಡ ಸರಿದು ತನ್ನ ಜಾಗಕ್ಕೆ ಹೋದಳು. ಚೀಲ ತೆಗೆದು ಮಕ್ಕಳ ಮುಂದೆ ಹಿಡಿದಳು. ಒಂದು ಹುಡುಗಿ ಕೈ ಹಾಕಿ ಬೀಗ ತೆಗೆದಳು, ಸಪ್ಪಳ ಹೇಳಲಿಲ್ಲ. ಹೇಳು ಎಂದರೆ ಬೀಗವನ್ನು ಮತ್ತೆ ಚೀಲಕ್ಕೆ ಹಾಕಿ ಕೈ ಹಿಂದಕ್ಕೆ ಕಟ್ಟಿಕೊಂಡಳು. ಕೈ ಇಟ್ಟದ್ದೂ ತಪ್ಪಾಯಿತೇನೋ ಎಂಬ ಆ ನೋಟ ಶೇಖರಮ್ಮನಿಗೆ ಎಲ್ಲಿಯದೋ ಗೊತ್ತಿತ್ತು. ಯಲಬುರ್ಗಾದ ಮನೆಯ ಪಡಸಾಲೆಯಲ್ಲಿ ಸಣ್ಣ ಹುಡುಗಿಯಾಗಿ ಅವಳು ಕುಂಟೆಬಿಲ್ಲೆ ಆಡುತ್ತಿದ್ದಾಳೆ. ಅಪ್ಪ ವಿರುಪಣ್ಣ ಮಾಸ್ತರರು ಚಾಪೆಯ ಮೇಲೆ ಪುಸ್ತಕ ತೆರೆದಿಟ್ಟು ನೀರು ಕುಡಿಯಲು ಎದ್ದಿದ್ದಾರೆ. ಒಂಟಿಕಾಲು ತಪ್ಪಿ ಪುಸ್ತಕದ ಮೇಲೆ ಬಿತ್ತು, ಅಷ್ಟೇ. ಅಪ್ಪ ಹೊಡೆಯಲಿಲ್ಲ. ಮೊಣಕಾಲೂರಿ, ಅವಳ ಕಾಲು ತಾಗಿದ ಹಾಳೆಗೇ ಹಣೆ ಹಚ್ಚಿದರು, ಬಹಳ ಹೊತ್ತು. ಅಪ್ಪನ ಬೋಳು ತಲೆ ತನ್ನ ಪಾದದಷ್ಟು ಕೆಳಗೆ ಬಂದದ್ದನ್ನು ಅವಳು ಅದೇ ಮೊದಲು ನೋಡಿದ್ದು. ಆ ದಿನ ಅವರು ಉಣ್ಣಲಿಲ್ಲ. ಮುಂದೆ ಮೆಟ್ರಿಕ್ಕಿನಲ್ಲಿ ಲೆಕ್ಕ ಕೈಕೊಟ್ಟಾಗ, ಯಾರ ಮೇಲೂ ಸಿಟ್ಟಿಲ್ಲದ ದನಿಯಲ್ಲಿ, ‘ಅವತ್ತ ತುಳದಿದ್ದಿ ನೋಡು’ ಎಂದರು. ಅಲ್ಲಿಂದ ಈಚೆಗೆ ತನ್ನ ಕಾಲನ್ನು ಅವಳು ಮನೆಯ ಹುಚ್ಚು ನಾಯಿಯ ಹಾಗೆ ಕಟ್ಟಿಹಾಕಿಯೇ ಸಾಕಿದ್ದಳು. ‘ಅಕ್ಕೋರ, ಉಪ್ಪಿಟ್ಟ ಆರಾಕತ್ತೈತಿ’ ಎಂದು ಅಮೀನಾಬೀ ಅಂದಾಗ ಚೀಲ ಇನ್ನೂ ಅವಳ ಕೈಯಲ್ಲೇ ಇತ್ತು.

ಮಧ್ಯಾಹ್ನ ಮಕ್ಕಳನ್ನು ಅಮೀನಾಬೀಗೆ ಒಪ್ಪಿಸಿ ಅವಳು ದುರುಗವ್ವನ ಮನೆಗೆ ಹೊರಟಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ಇದು ಸರಕಾರದ ಪದ್ಧತಿ, ದೊಡ್ಡ ದೊಡ್ಡವರು ಯೋಚಿಸಿ ಮಾಡಿದ್ದು, ಮಗು ಮೈಯಿಂದ ಕಲಿಯುತ್ತದೆ. ಎಲ್ಲವೂ ನಿಜವಾದ ಮಾತೇ. ನಿಜವಾದ ಮಾತುಗಳೇ ಬಾಯಲ್ಲಿ ಸುಳ್ಳಿನ ರುಚಿ ಕೊಡುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಅಂಗಳದಲ್ಲಿ ದುರುಗವ್ವ ಕಾಲು ಚಾಚಿ ಕುಳಿತು ಹರಳೆಣ್ಣೆಗೆಂದು ಔಡಲದ ಕಾಯಿ ಬಡಿಯುತ್ತಿದ್ದಳು. ಹುಲಿಗೆವ್ವ ಸಿಡಿದ ಬೀಜಗಳನ್ನು ಆರಿಸುತ್ತಿದ್ದವಳು ಶೇಖರಮ್ಮನನ್ನು ನೋಡಿ ಎದ್ದು ನಿಂತಳು, ಆಮೇಲೆ ಏನೋ ನೆನಪಾದ ಹಾಗೆ ಮುಖ ತಿರುಗಿಸಿ ಮನೆಯೊಳಗೆ ಹೋದಳು. ಐದು ತುಂಬದ ಮಗು ಮುಖ ತಿರುಗಿಸಿದ್ದು ಇಷ್ಟು ನೋಯಿಸಬಹುದೆಂದು ಯಾವ ತರಬೇತಿಯಲ್ಲೂ ಹೇಳಿರಲಿಲ್ಲ.

‘ಬಾ, ಕುಂದರು’ ಎಂದು ದುರುಗವ್ವ ಗೋಣಿತಟ್ಟು ಸರಿಸಿದಳು. ಕೋಲು ನಿಲ್ಲಿಸಲಿಲ್ಲ.

ಶೇಖರಮ್ಮ ಕುಳಿತಳು. ಜೋಡಿಸಿಕೊಂಡ ಮಾತೆಲ್ಲ ಕೋಲಿನ ಪೆಟ್ಟಿಗೆ ಔಡಲದ ಜೊತೆಗೇ ಚೆದುರಿತು.

‘ತುಳದಿಲ್ಲ ದುರುಗವ್ವ’ ಎಂದಳು. ‘ನನಗ ಅಂಜಿಕಿ.’

ಕೋಲು ನಿಂತಿತು.

‘ಅಂಜಿಕಿ ಇದ್ದಾಕಿ ನಮ್ಮ ಹುಡುಗಿನ್ಯಾಕ ಮುಂದ ಬಿಟ್ಟಿ?’

ದುರುಗವ್ವ ಮತ್ತೆ ಬಡಿಯತೊಡಗಿದಳು. ಬಡಿಯುತ್ತಲೇ, ಔಡಲಕ್ಕೆ ಹೇಳುವವಳ ಹಾಗೆ ಹೇಳಿದಳು.

‘ನಾ ಸಣ್ಣಾಕಿದ್ದಾಗ ನಮ್ಮನ್ನ ಸಾಲಿ ಕಟ್ಟಿ ಹತ್ತಾಕ ಬಿಡತಿದ್ದಿಲ್ಲ. ನಮ್ಮಪ್ಪ ಅಲ್ಲೇ ತೆಳಗ ನಿಂತು ಒಳಗ ಹುಡುಗರು ಒದರೋದು ಕೇಳತಿದ್ದನಂತ. ಮನಿಗೆ ಬಂದು ನಮ್ಮ ಮುಂದ ಹಂಗ ಒದರತಿದ್ದ. ಅದು ಹೆಂಗ ಕಾಣತೈತಿ ಅಂತ ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಈಗ ಸರಕಾರದವರು ಬರ್ರಿ ಬರ್ರಿ ಅಂತ ಕರದು ಕೊಡಾಕತ್ಯಾರ. ಕೊಡೂದು ಕೊಟ್ಟು, ಕಾಲಿಲೆ ತಗೋ ಅಂದ್ರ ಹೆಂಗವ್ವ? ನಿಮ್ಮ ಮನಿ ಹುಡುಗರಿಗೆ ಕೈಯಾಗ ಕೊಟ್ಟು, ನಮಗ ಕಾಲಾಗ ಕೊಟ್ಟಂಗ ಆಗಲಿಲ್ಲೇನು?’

ಶೇಖರಮ್ಮನಿಗೆ ಮೈಯೆಲ್ಲ ಬಿಸಿಯಾಯಿತು. ನಿನ್ನೆಯಿಂದ ಅವಳು ಇದನ್ನು ಒಬ್ಬ ಮುದುಕಿಯ ಮಡಿವಂತಿಕೆ ಎಂದುಕೊಂಡಿದ್ದಳು, ತನ್ನ ಅಪ್ಪನದಕ್ಕೂ ಇವಳದಕ್ಕೂ ವ್ಯತ್ಯಾಸವಿಲ್ಲ ಎಂದುಕೊಂಡಿದ್ದಳು. ಹಾಗಲ್ಲ. ಅಪ್ಪನ ಮನೆಯಲ್ಲಿ ಪುಸ್ತಕ ಚಾಪೆಯ ಮೇಲೆ ಬಿದ್ದಿರುತ್ತಿತ್ತು, ಕಾಲಿಗೆ ತೊಡರುವಷ್ಟು ಇತ್ತು. ಅಲ್ಲಿ ಭಯ. ಇಲ್ಲಿ ಮುದುಕಿಯೊಬ್ಬಳು ಮೊಮ್ಮಗಳ ಕೈಗೆ ಬರಬೇಕಾದ್ದನ್ನು ಯಾರಾದರೂ ನಡುದಾರಿಯಲ್ಲಿ ಕೀಳು ಮಾಡಿಯಾರೆಂದು ಕಾಯುತ್ತ ಕೂತಿದ್ದಾಳೆ. ಅದನ್ನು ಕೀಳು ಮಾಡಿದ್ದು ಬೂದಿಯೂ ಅಲ್ಲ, ಕಾಲೂ ಅಲ್ಲ. ಎತ್ತಿ ಹಿಡಿದ ತನ್ನ ನೆರಿಗೆ. ಎಲ್ಲರೂ ಅದರ ಮೇಲೆ ನಡೆದಿದ್ದರೆ ಅದೊಂದು ಆಟವಾಗುತ್ತಿತ್ತು. ತಾನೊಬ್ಬಳು ಹೊರಗುಳಿದದ್ದರಿಂದ ಹುಲಿಗೆವ್ವ ತುಳಿದದ್ದು ತುಳಿದದ್ದೇ ಆಯಿತು. ಇಷ್ಟು ತಿಳಿಯಲು ಒಂದು ಇಡೀ ರಾತ್ರಿ ಬೇಕಾಯಿತಲ್ಲ ಎಂದು ತನ್ನ ಮೇಲೆ ತನಗೇ ಸಿಟ್ಟು ಬಂತು. ಸಿಟ್ಟು ಬಂದದ್ದರಿಂದ ಸ್ವಲ್ಪ ಧೈರ್ಯವೂ ಬಂತು.

‘ನಾ ತುಳೀತೀನಿ’ ಎಂದಳು. ‘ನೀವು ಬಂದು ನೋಡ್ರಿ. ಪಾಪ ಹತ್ತೂದಿದ್ರ ಮೊದಲ ನನಗ ಹತ್ತಲಿ. ಆಮ್ಯಾಲ ಹುಡುಗಿನ್ನ ಕಳಸೂದು ಬಿಡೂದು ನಿಮ್ಮ ಮರ್ಜಿ.’

ದುರುಗವ್ವ ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲಿಲ್ಲ. ‘ಔಡಲ ಇನ್ನೂ ಭಾಳ ಐತಿ’ ಎಂದಳು.

ಬಾಲವಾಡಿಗೆ ಮರಳಿ ಅವಳು ಕಾದಳು. ಬಿಸಿಲು ಬಾಗಿಲಿನಿಂದ ಒಳಗೆ ಬಂದು ‘ಹ’ದ ತಲೆಕಟ್ಟನ್ನು ಮುಟ್ಟಿತು. ಬರಲಿಕ್ಕಿಲ್ಲ ಎಂದು ಒಮ್ಮೆ ನಿಶ್ಚಿಂತೆಯಾಗುತ್ತಿತ್ತು, ಆ ನಿಶ್ಚಿಂತೆಗೇ ಮತ್ತೆ ಹೇಸಿಗೆಯಾಗುತ್ತಿತ್ತು. ಯಾರೂ ಬರದಿದ್ದರೆ ತುಳಿಯಬೇಕಾಗಿಲ್ಲವೆ? ಮುದುಕಿ ನೋಡಲೆಂದು ತುಳಿಯುವುದಾದರೆ ಅದು ಇನ್ನೊಂದು ನಾಟಕ. ಮಕ್ಕಳು ಹೇಗೂ ನೋಡುತ್ತಿದ್ದಾರೆ. ಬೆಳಗಿನಿಂದ ಗೋಡೆಗೆ ಅಂಟಿ ಅವರ ಬೆನ್ನು ಸುಣ್ಣವಾಗಿದೆ. ಅವಳು ಎದ್ದಳು. ಬಾಗಿ ಬೂದಿಗೆ ಬೆರಳು ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡಳು. ಅದು ಭಯಕ್ಕೋ ಭಕ್ತಿಗೋ ಅವಳಿಗೇ ತಿಳಿಯದು, ಹಾಗೆ ಮಾಡದೆ ಮುಂದಕ್ಕೆ ಹೋಗಲು ಆಗುತ್ತಿರಲಿಲ್ಲ. ನೆರಿಗೆಯನ್ನು ಬಿಟ್ಟುಬಿಟ್ಟಳು. ಬಲಗಾಲು ಎತ್ತಿದಳು. ಎತ್ತಿದ ಕಾಲು ಒಂದು ಗಳಿಗೆ ಗಾಳಿಯಲ್ಲೇ ನಿಂತಿತು. ಅಪ್ಪನ ಬೋಳು ತಲೆ ಆ ಕಾಲಿನ ಕೆಳಗೇ ಇತ್ತು, ಹಣೆ ನೆಲಕ್ಕೆ ಹಚ್ಚಿಕೊಂಡು. ಅಪ್ಪಾ, ಸ್ವಲ್ಪ ಸರೀರಿ, ಎಂದು ಅವಳು ಮನಸ್ಸಿನಲ್ಲೇ ಹೇಳಿದಳು; ಇಷ್ಟು ಸಲಿಗೆಯಿಂದ ಅವರೊಡನೆ ಅವಳು ಎಂದೂ ಮಾತಾಡಿರಲಿಲ್ಲ. ಕಾಲು ಊರಿದಳು.

ಏನೂ ಆಗಲಿಲ್ಲ. ಒಣಗಿದ ಬೂದಿ ಹಪ್ಪಳದ ಹಾಗೆ ಪುಡಿಯಾಯಿತು, ನೆಲ ತಣ್ಣಗಿತ್ತು, ಬೆರಳ ಸಂದಿಯಲ್ಲಿ ಮೆತ್ತಗೆ ಏನೋ ಸೇರಿಕೊಂಡಿತು. ‘ಹ’ ಎಂದಳು. ಸಣ್ಣ ದನಿ. ಇನ್ನೊಂದು ಹೆಜ್ಜೆಗೆ ಇನ್ನೊಮ್ಮೆ. ಮೂರನೆಯದಕ್ಕೆ ಬೂದಿ ಎದ್ದು ಮೂಗಿಗೆ ಹೋಗಿ, ‘ಹ’ ಬರುವ ಬದಲು ದೊಡ್ಡ ಸೀನು ಬಂತು. ಮಕ್ಕಳು ಗೊಳ್ಳೆಂದರು. ಅಮೀನಾಬೀ ಬೋಗುಣಿಯ ಹಿಂದೆ ಮುಖ ಮುಚ್ಚಿಕೊಂಡಳು. ಬೆಳಗಿನಿಂದ ಆ ಗೋದಾಮಿನಲ್ಲಿ ಕೇಳಿದ ಮೊದಲ ನಗು ಅದು. ಶೇಖರಮ್ಮನೂ ನಕ್ಕಳು, ನಗುತ್ತಲೇ ನಡೆದಳು. ಹುಲಿಗೆವ್ವನ ಹೆಜ್ಜೆಗಳು ಮುಗಿದ ಜಾಗ ಬಂತು. ಅಲ್ಲಿಂದ ಮುಂದೆ ಯಾರೂ ಕಾಲಿಡದ ಬಿಳಿ ಗೆರೆ, ಒಳಕ್ಕೆ ಸುತ್ತಿ ಮೇಲಕ್ಕೆ ಏರುತ್ತಿತ್ತು. ಸುತ್ತಿನಲ್ಲಿ ತಿರುಗುವಾಗ ಅವಳ ಮೈ ತಾನಾಗಿ ವಾಲಿತು. ಇಷ್ಟು ವರ್ಷ ಬರೆದ ಅಕ್ಷರ, ಅದಕ್ಕೆ ಇಂಥದೊಂದು ತಿರುವಿದೆ ಎಂದು ಮೈಗೆ ಗೊತ್ತಾದದ್ದು ಈಗ. ಕನ್ನಡಕದ ಹೆಂಗಸು ಹೇಳಿದ್ದು ಇದನ್ನೇ ಇರಬೇಕು. ತಾನು ಕಟ್ಟೆಯ ಮೇಲೆ ಕುಳಿತು ಕೇಳಿಸಿಕೊಂಡಿದ್ದಳು, ಅಷ್ಟೆ. ಬಹಳ ದಿನಗಳ ಮೇಲೆ ಅವಳಿಗೆ ಸಂತೋಷವಾಯಿತು. ತಲೆಕಟ್ಟಿನ ಕೊನೆಗೆ ಬಂದು ನಿಂತು ತಲೆ ಎತ್ತಿದರೆ, ಬಾಗಿಲಲ್ಲಿ ದುರುಗವ್ವ ನಿಂತಿದ್ದಳು. ಮೈಮೇಲೆ ಔಡಲದ ಸಿಪ್ಪೆ, ಸೊಂಟಕ್ಕೆ ಅಂಟಿಕೊಂಡು ಹುಲಿಗೆವ್ವ. ಯಾವಾಗ ಬಂದರೋ.

ಶೇಖರಮ್ಮನ ಪಾದ ಗಂಟಿನ ತನಕ ಬೂದಿಯಾಗಿತ್ತು. ಅದನ್ನು ಸೀರೆಯ ಅಂಚಿನಡಿ ಮುಚ್ಚಿಕೊಳ್ಳಬೇಕು ಎಂದು ಅವಳಿಗೆ ಅನಿಸಲಿಲ್ಲ. ದುರುಗವ್ವ ಆ ಪಾದವನ್ನು ನೋಡಿದಳು, ನೆಲವನ್ನು ನೋಡಿದಳು. ದೊಡ್ಡ ಹೆಜ್ಜೆ ಎಲ್ಲಿಂದ ಹೊರಟು ಎಲ್ಲಿಗೆ ಹೋಗಿದೆಯೆಂದು ಅವಳ ಕಣ್ಣು ಹಿಂಬಾಲಿಸುತ್ತಿತ್ತು, ಸುತ್ತಿನ ಹತ್ತಿರ ಹೋಗಿ ತಪ್ಪುತ್ತಿತ್ತು, ಮತ್ತೆ ಮೊದಲಿಗೆ ಬರುತ್ತಿತ್ತು. ಆಮೇಲೆ ಅವಳು ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿ ಒಳಗೆ ಬಂದು, ಮಕ್ಕಳ ಸಾಲಿನಲ್ಲೇ ಗೋಡೆಗೆ ಬೆನ್ನು ಕೊಟ್ಟು ಕುಳಿತಳು.

‘ಇನ್ನೊಮ್ಮಿ ನಡಿ’ ಎಂದಳು. ‘ಸಾವಕಾಶ. ಆ ಸುತ್ತಿನಾಗ ನಿನ್ನ ಕಾಲು ಎತ್ತ ತಿರಗಿತೋ ನನಗ ತಿಳೀಲಿಲ್ಲ.’